ತಡವಾಗಿ ತಿರುಗುವ ಬಸ್ಸು

ಕುಂಞಿ ಮೋನು ಬಸ್ಸನ್ನು ಚರಂಡಿಗೆ ಇಳಿಸಿದ್ದು ಅದೇ ಮೊದಲು. ಇಪ್ಪತ್ತೇಳು ವರ್ಷ ಪುತ್ತೂರಿನಿಂದ ಪಂಜಕ್ಕೆ ‘ಮಂದಾರ’ ಬಸ್ಸು ಓಡಿಸಿದವರು. ಆಷಾಢದ ಕೆಸರಿನಲ್ಲೂ ಒಂದು ಚಕ್ರವನ್ನು ಡಾಮರಿನಿಂದ ಕೆಳಗೆ ಜಾರಲು ಬಿಟ್ಟವರಲ್ಲ. ಅಂಥವರು ಆ ಸಂಜೆ ಕಾಣಿಯೂರು ಪೇಟೆಗೆ ಸ್ವಲ್ಪ ಮೊದಲು ಸಿಗುವ ತಿರುವಿನಲ್ಲಿ ಬಸ್ಸನ್ನು ಸೀದಾ ಒಯ್ದು ಚರಂಡಿಯಲ್ಲಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಬಸ್ಸು ಇದ್ದದ್ದು ಅವರ ಮಗಳು ಜುಮಾನಾಳ ಲ್ಯಾಪ್‌ಟಾಪಿನ ಒಳಗೆ. ಕುಂಞಿ ಮೋನು ಕೂತಿದ್ದದ್ದು ಕೂರ್ನಡ್ಕದ ತಮ್ಮ ಮನೆಯ ಹಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಆದರೂ ಅವರ ಮುಖ ನೋಡಿದಾಗ ಜುಮಾನಾಳಿಗೆ ನಗು ಬರಲಿಲ್ಲ. ಅವರು ಮೇಜಿಗೆ ಬಿಗಿದಿದ್ದ ಸ್ಟೇರಿಂಗಿನಿಂದ ಎರಡೂ ಕೈ ತೆಗೆದರು. ಬಲಗೈಯಿಂದ ಎಡಗೈಯನ್ನು ಎತ್ತಿ, ಬೇರೆ ಯಾರದೋ ಸಾಮಾನು ಇಡುವ ಹಾಗೆ, ತೊಡೆಯ ಮೇಲೆ ಇಟ್ಟುಕೊಂಡರು.

“ಕೈ ತಡ ಆಯ್ತು ಮೋಳೆ.”

“ಕೈ ಅಲ್ಲ ಉಪ್ಪ. ಲ್ಯಾಪ್‌ಟಾಪ್ ಸಿಕ್ಕಿಕೊಳ್ತಾ ಉಂಟು. ನೀವು ತಿರುಗಿಸಿದ್ದು ಸರಿ ಉಂಟು, ಚಿತ್ರ ಆಮೇಲೆ ಬರ್ತದೆ.”

“ಬಸ್ಸನ್ನು ಚರಂಡಿಗೆ ಹಾಕಿ ಬಸ್ಸಿನದ್ದೇ ತಪ್ಪು ಅಂತ ಹೇಳುವ ಡ್ರೈವರುಗಳನ್ನು ನಾನು ತುಂಬಾ ನೋಡಿದ್ದೇನೆ,” ಎಂದವರೇ ಕೋಲು ಹಿಡಿದು ಎದ್ದು ಒಳಗೆ ಹೋದರು.

ಮೂರು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಮಾಝಿಗೆ ಮೊದಲು ಕೈಕಾಲು ತೊಳೆದು ವುಝೂ ಮಾಡುತ್ತಿದ್ದಾಗ ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಮಾತು ಉಳಿಯಿತು, ಬಲಭಾಗವೆಲ್ಲ ಮೊದಲಿನಂತೆಯೇ ಇತ್ತು. ಎಡಗಾಲು ಎಳೆಯುತ್ತಿತ್ತು, ಎಡಗೈ ಹೇಳಿದ ಮಾತು ಕೇಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿತ್ತು. ಬಸ್ಸಿಗೆ ಬೇರೆ ಡ್ರೈವರ್ ಬಂದ. ಕುಂಞಿ ಮೋನು ಮನೆಯಲ್ಲಿ ಕೂತರು, ಮತ್ತು ಮಾತು ಉಳಿದಿದ್ದರೂ ಅದನ್ನು ಬಳಸುವುದನ್ನು ಬಿಟ್ಟರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಚಾ ಬೇಕಾ ಎಂದು ಕೇಳಿದರೂ ಗ್ಲಾಸಿನ ಕಡೆ ಬೆರಳು ತೋರಿಸುತ್ತಿದ್ದರು.

ಜುಮಾನಾ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಡಿಸೈನ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮದುವೆ ಕಾಗದ, ಕ್ರಿಕೆಟ್ ಪಂದ್ಯದ ಫ್ಲೆಕ್ಸ್, ಹೊಸ ಬೇಕರಿಯ ಬೋರ್ಡು, ಎಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ಒಮ್ಮೆ ಒಂದು ಬಸ್ಸಿನವರಿಗೆ ಸ್ಟಿಕ್ಕರ್ ಡಿಸೈನ್ ಮಾಡುವಾಗ, ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟ ಉಂಟೆಂದೂ, ಅದಕ್ಕೆ ಜನ ತಮ್ಮ ತಮ್ಮ ಊರಿನ ಬಸ್ಸು, ತಮ್ಮ ಊರಿನ ರಸ್ತೆಗಳನ್ನು ತಾವೇ ಮಾಡಿ ಸೇರಿಸುತ್ತಾರೆಂದೂ ಅವಳಿಗೆ ಗೊತ್ತಾಯಿತು. ಆ ದಿನ ಮನೆಗೆ ಬಂದು ಸುಮ್ಮನೆ ಕೇಳಿದ್ದಳು, “ಉಪ್ಪ, ಪುತ್ತೂರಿಂದ ಸವಣೂರಿಗೆ ಎಷ್ಟು ಸ್ಟಾಪು?”

ಹತ್ತು ಮಾತಿನ ಮನುಷ್ಯ ಅರ್ಧ ಗಂಟೆ ಮಾತಾಡಿದರು. ಮುಕ್ವೆಯಲ್ಲಿ ಯಾರು ಹತ್ತುತ್ತಿದ್ದರು, ಪುರುಷರಕಟ್ಟೆ ಕಳೆದ ಮೇಲೆ ಗಿಯರ್ ಯಾವುದರಲ್ಲಿರಬೇಕು, ಯಾವ ಸ್ಟಾಪಿನಲ್ಲಿ ಬಸ್ಸನ್ನು ಎರಡು ಮಾರು ಮುಂದೆ ನಿಲ್ಲಿಸದಿದ್ದರೆ ಹೆಂಗಸರು ನೀರಿನ ಗುಂಡಿಗೆ ಇಳಿಯಬೇಕಾಗುತ್ತದೆ, ಎಲ್ಲ. ಒಳಗೆ ಮೀನು ಹುರಿಯುತ್ತಿದ್ದ ಉಮ್ಮ ರುಖಿಯಮ್ಮ ಒಲೆ ಸಣ್ಣ ಮಾಡಿ ಬಾಗಿಲಲ್ಲಿ ಬಂದು ನಿಂತಿದ್ದರು.

ಮರುದಿನದಿಂದ ಜುಮಾನಾ ಮುಂಜಾನೆಯ ಸುಬಹಿ ನಮಾಝ್ ಮುಗಿಸಿ ಲ್ಯಾಪ್‌ಟಾಪ್ ತೆರೆಯತೊಡಗಿದಳು. ಭಾನುವಾರಗಳಲ್ಲಿ ಸ್ಕೂಟರಿನ ಮುಂದೆ ಮೊಬೈಲ್ ಕಟ್ಟಿ ಪಂಜದವರೆಗೂ ರಸ್ತೆಯ ವಿಡಿಯೊ ಮಾಡಿಕೊಂಡು ಬಂದಳು. ಎಂಟು ತಿಂಗಳು ಹಿಡಿಯಿತು. ಕೊಲ್ಲಿಯ ಜುಬೈಲಿನಲ್ಲಿ ಕೆಲಸಕ್ಕಿದ್ದ ಅಣ್ಣ ಶಾಫಿ ರಜೆಗೆ ಬರುವಾಗ ಆಟದ ಸ್ಟೇರಿಂಗು, ಪೆಡಲು ತಂದುಕೊಟ್ಟ. ಹಳದಿ ಹಸಿರು ಬಣ್ಣದ ‘ಮಂದಾರ’ ಪರದೆಯ ಮೇಲೆ ಮೊದಲ ಸಲ ನಿಂತಾಗ ಕುಂಞಿ ಮೋನು ಬೇರೇನೂ ಕೇಳಲಿಲ್ಲ. “ಹಾರ್ನ್ ಎಲ್ಲಿ ಉಂಟು?” ಎಂದರು, ಅಷ್ಟೇ.

ಸವಣೂರಿನವರೆಗೆ ತೊಂದರೆಯೇ ಇರಲಿಲ್ಲ. ಅದು ಜುಮಾನಾ ಕೆಲಸ ಕಲಿಯುತ್ತಿದ್ದಾಗ ಮಾಡಿದ ಭಾಗ. ರಸ್ತೆ, ಗುಡ್ಡ, ನಾಲ್ಕು ಮರ, ಎರಡು ಅಂಗಡಿ. ಅಲ್ಲಿಂದ ಮುಂದೆ ಅವಳ ಕೈ ಪಳಗಿತ್ತು. ಮರಗಳಿಗೆ ಎಲೆ ಎಲೆಯಾಗಿ ಬಣ್ಣ ಕೊಟ್ಟಿದ್ದಳು, ಮನೆಗಳಿಗೆ ಹಂಚು ಹಂಚಾಗಿ ಮಾಡು ಹೊದಿಸಿದ್ದಳು, ಅಂಗಡಿ ಬೋರ್ಡಿನ ಫೋನ್ ನಂಬರು ಓದುವ ಹಾಗೆ ಬರೆದಿದ್ದಳು. ತಂದೆಗೆ ಒಳ್ಳೆಯದಾಗಿ ಕಾಣಲಿ ಎಂದು ಇಷ್ಟೆಲ್ಲ ಮಾಡಿದರೆ, ಕಾಣಿಯೂರು ಹತ್ತಿರವಾಗುತ್ತಿದ್ದಂತೆ ಲ್ಯಾಪ್‌ಟಾಪು ಏದುಸಿರು ಬಿಡತೊಡಗಿತು. ಫ್ಯಾನು ಕಿರುಚಿತು. ಬಸ್ಸು ನಿಂತು ನಿಂತು ಹಾರಿತು.

ಚರಂಡಿಯ ಆ ಸಂಜೆಯ ನಂತರ ಕುಂಞಿ ಮೋನು ನಾಲ್ಕು ದಿನ ಸ್ಟೇರಿಂಗಿನ ಹತ್ತಿರ ಸುಳಿಯಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಫಿಸಿಯೊಥೆರಪಿಯವರು ಹೇಳಿಕೊಟ್ಟಿದ್ದ ರಬ್ಬರ್ ಚೆಂಡನ್ನು ಒತ್ತುವುದನ್ನೂ ನಿಲ್ಲಿಸಿದರು. ಚೆಂಡು ಕಿಟಕಿಯ ದಂಡೆಯ ಮೇಲೆ ಹಾಗೇ ಬಿದ್ದಿತ್ತು.

“ಅವರಿಗೆ ಕೈಯ ಮೇಲೆ ಇದ್ದ ನಂಬಿಕೆ ಹೋಗಿದೆ,” ಎಂದರು ರುಖಿಯಮ್ಮ, ಅಕ್ಕಿ ಆರಿಸುತ್ತಾ. “ನೀನು ಒಳ್ಳೆದಕ್ಕೇ ಮಾಡಿದ್ದು, ನನಗೆ ಗೊತ್ತುಂಟು. ಆದರೆ ಇನ್ನು ಅದನ್ನು ಅವರ ಎದುರು ಇಡುದು ಬೇಡ ಮೋಳೆ.”

ಆ ಮಾತು ಜುಮಾನಾಳಿಗೆ ಚುಚ್ಚಿತು. ಅವಳು ಲ್ಯಾಪ್‌ಟಾಪನ್ನೇ ಸರಿಮಾಡಿಸಿ ತೋರಿಸುತ್ತೇನೆ ಎಂದು ಹಟ ಹಿಡಿದಳು. ಪರದೆಗೆ ಚಿತ್ರ ತರುವ ಗ್ರಾಫಿಕ್ಸ್ ಕಾರ್ಡು ಸಣ್ಣದು, ಅದಕ್ಕೇ ಈ ಪಾಡು ಎಂದು ಅವಳಿಗೆ ಗೊತ್ತಿತ್ತು. ಯೂಟ್ಯೂಬಿನಲ್ಲಿ ಒಬ್ಬ ಲ್ಯಾಪ್‌ಟಾಪಿನ ತಳ ಬಿಚ್ಚಿ, ಒಂದು ಕಾರ್ಡು ತೆಗೆದು ಇನ್ನೊಂದನ್ನು ಕೂರಿಸಿ, ಹತ್ತೇ ನಿಮಿಷದಲ್ಲಿ ಮುಗಿಸಿದ್ದ. ಇನ್ನೊಬ್ಬ ‘ಆಗುವುದೇ ಇಲ್ಲ’ ಎಂದು ಆಣೆ ಹಾಕಿ ಹೇಳುತ್ತಿದ್ದ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದರೆ, ಅಲ್ಲಿದ್ದವನು ಲ್ಯಾಪ್‌ಟಾಪಿನ ಮುಚ್ಚಳವನ್ನೂ ತೆರೆಯದೆ, “ಆಗ್ತದೆ ಆಗ್ತದೆ, ಎರಡು ದಿನ ಬಿಟ್ಟು ಹೋಗಿ,” ಎಂದ. ನೋಡದೆಯೇ ಹೇಳಿದ್ದು ಅವಳಿಗೆ ಸರಿಬರಲಿಲ್ಲ, ವಾಪಸ್ ತಂದಳು. ಕೊನೆಗೆ ಆನ್‌ಲೈನಿನಲ್ಲಿ ಮಂಗಳೂರಿನ ಒಬ್ಬರು ಬಳಸಿದ ಕಾರ್ಡು ಮಾರುತ್ತಿದ್ದದ್ದು ಕಂಡಿತು. ಹೆಸರು ದೊಡ್ಡದು, ಹೊಗಳಿಕೆ ಇನ್ನೂ ದೊಡ್ಡದು. ತರಿಸಿಯೇ ಬಿಟ್ಟಳು.

ಪಾರ್ಸೆಲ್ ಬಂದ ದಿನ ಮಧ್ಯಾಹ್ನ ಅಂಗಡಿಯಿಂದ ರಜೆ ಕೇಳಿ, ಲ್ಯಾಪ್‌ಟಾಪು, ಪಾರ್ಸೆಲು ಎರಡನ್ನೂ ಹಿಡಿದು ಉದಯಶಂಕರನ ರಿಪೇರಿ ಅಂಗಡಿಗೆ ಹೋದಳು. ಡಿಸೈನ್ ಅಂಗಡಿಯ ಪ್ರಿಂಟರು ಕೆಟ್ಟರೆ ಬರುವವನು ಅವನೇ. ನಲವತ್ತೈದರ ಆಸುಪಾಸಿನ, ಕನ್ನಡಕವನ್ನು ಯಾವಾಗಲೂ ಹಣೆಯ ಮೇಲಿಟ್ಟುಕೊಳ್ಳುವ ಮನುಷ್ಯ. ಮೊದಲು ಟಿ.ವಿ. ರಿಪೇರಿ ಮಾಡುತ್ತಿದ್ದವನು, ಕಾಲ ಬದಲಾದ ಹಾಗೆ ಲ್ಯಾಪ್‌ಟಾಪಿಗೆ ಬಂದಿದ್ದ.

ಅವನು ಪಾರ್ಸೆಲ್ ಬಿಚ್ಚಿದ. ಒಳಗೆ ಎರಡು ಫ್ಯಾನಿನ, ಇಟ್ಟಿಗೆಯಷ್ಟು ದಪ್ಪದ ಕಾರ್ಡು. ಅದನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿ ಇಟ್ಟ. ಕಾರ್ಡು ಲ್ಯಾಪ್‌ಟಾಪಿಗಿಂತ ದಪ್ಪ ಇತ್ತು.

ಜುಮಾನಾಳ ಕಿವಿ ಬಿಸಿಯಾಯಿತು. “ಫೋಟೋದಲ್ಲಿ ಸಣ್ಣದು ಕಂಡಿತ್ತು ಉದಯಣ್ಣ.”

“ಫೋಟೋದಲ್ಲಿ ಎಲ್ಲ ಹಾಗೇ ಮಾರಾಯ್ತಿ. ಇದು ಡೆಸ್ಕ್‌ಟಾಪಿಂದು. ಇರಲಿ, ನಿನ್ನದ್ದು ಬಿಚ್ಚಿ ನೋಡುವ.”

ಅವನು ಅವಳ ಎದುರಿಗೇ ತಳದ ಸ್ಕ್ರೂಗಳನ್ನು ಬಿಚ್ಚಿ, ಮುಚ್ಚಳ ತೆಗೆದು, ಸಣ್ಣ ಲೈಟು ಹತ್ತಿರ ತಂದ. “ಬಾ, ಇಲ್ಲಿ ನೋಡು. ಇದು ರ‍್ಯಾಮ್. ಎರಡು ಬದಿಯ ಕ್ಲಿಪ್ ಒತ್ತಿದ್ರೆ ಎದ್ದು ಬರ್ತದೆ. ನೀನೇ ಬದಲಾಯಿಸಬಹುದು. ಇದು ಎಸ್‌ಎಸ್‌ಡಿ, ಒಂದೇ ಸ್ಕ್ರೂ. ಅದೂ ನೀನೇ ಮಾಡಬಹುದು. ಈಗ ಗ್ರಾಫಿಕ್ಸ್. ಎಲ್ಲಿ ಉಂಟು ಹೇಳು?”

ಅವಳು ಹುಡುಕಿದಳು. ಕಾರ್ಡಿನ ಹಾಗೆ ಇರುವಂಥದ್ದು ಏನೂ ಕಾಣಲಿಲ್ಲ. ಅವನು ತಾಮ್ರದ ಪಟ್ಟಿಯೊಂದನ್ನು ಎತ್ತಿ, ಅಡಿಯಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ, ಹೊಳೆಯುವ ಕಪ್ಪು ಚೌಕವನ್ನು ತೋರಿಸಿದ.

“ಇದು. ಕಾರ್ಡು ಅಂತ ಬಾಯಲ್ಲಿ ಹೇಳುದು ಅಷ್ಟೇ. ಇದನ್ನು ಬೋರ್ಡಿಗೇ ಬೆಸುಗೆ ಹಾಕಿ ಕೂರಿಸಿದ್ದಾರೆ. ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಸಣ್ಣ ಸೀಸದ ಗುಂಡುಗಳು ನೂರಾರು ಉಂಟು. ಬಿಸಿ ಕೊಟ್ಟು ಎಬ್ಬಿಸಬಹುದು, ನಾನೇ ಎಬ್ಬಿಸ್ತೇನೆ. ಆದರೆ ಇದರ ಜಾಗದಲ್ಲಿ ದೊಡ್ಡದು ಕೂರುದಿಲ್ಲ. ಕೂತರೂ ಬೋರ್ಡು ಅದನ್ನು ಗುರುತು ಹಿಡಿಯುದಿಲ್ಲ, ಕರೆಂಟು ಸಾಕಾಗುದಿಲ್ಲ, ಈ ಫ್ಯಾನಿಗೆ ಅದರ ಬಿಸಿ ತಡೆಯುದಿಲ್ಲ.”

“ಹಾಗಾದ್ರೆ ಆ ವಿಡಿಯೊದಲ್ಲಿ ಬದಲಾಯಿಸಿದ್ದು?”

ಉದಯಶಂಕರ ಕುರ್ಚಿ ಹತ್ತಿ ಅಟ್ಟದಿಂದ ಧೂಳು ಹಿಡಿದ ಒಂದು ಭಾರದ ಲ್ಯಾಪ್‌ಟಾಪು ಇಳಿಸಿದ. ಅದರ ತಳ ತೆಗೆದು, ಎರಡು ಸ್ಕ್ರೂ ಬಿಚ್ಚಿ, ಅಂಗೈಯಗಲದ ಒಂದು ಹಸಿರು ಹಲಗೆಯನ್ನು ಹೊರಗೆ ಎಳೆದು ಅವಳ ಕೈಗೆ ಕೊಟ್ಟ. “ಅದು ಸುಳ್ಳಲ್ಲ. ಇಂಥದ್ದು ಕೆಲವು ಇದ್ದವು, ಇಂಜಿನಿಯರುಗಳು ತಕ್ಕೊಳ್ತಿದ್ದದ್ದು. ಈಗಲೂ ಎಲ್ಲೋ ಒಂದೊಂದು ಬರ್ತದೆ. ಅವಕ್ಕೆ ಕಾರ್ಡು ಬೇರೆಯೇ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ನಿನ್ನ ಹಾಗಿನದ್ದೇ. ಮತ್ತೆ ಹೊರಗಿಂದ ಪೆಟ್ಟಿಗೆಯಲ್ಲಿ ಕಾರ್ಡು ಇಟ್ಟು ವಯರು ಸಿಕ್ಕಿಸುದು ಉಂಟು. ಅದಕ್ಕೆ ಬೇಕಾದ ತೂತು ನಿನ್ನದ್ದರಲ್ಲಿ ಇಲ್ಲ. ಕೆಲವರು ವೈಫೈ ಕಾರ್ಡು ಕಿತ್ತು ಅಲ್ಲಿಂದ ವಯರು ಎಳೀತಾರೆ. ಲ್ಯಾಪ್‌ಟಾಪು ಹೊಟ್ಟೆ ಬಿಚ್ಚಿಕೊಂಡೇ ಇರಬೇಕು. ನಾನು ಮಾಡಿಕೊಡುದಿಲ್ಲ.”

ಜುಮಾನಾ ಆ ಹಸಿರು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣು ತುಂಬಿ ಬಂದದ್ದನ್ನು ಮರೆಮಾಚಲು ಅದೊಂದು ನೆಪ. ಅವನಿಗೆ ಗೊತ್ತಾಯಿತು.

“ಎಂತ ಆಟಕ್ಕೆ ಇಷ್ಟು ಬೇಕಾದ್ದು?”

“ಆಟ ನನಗಲ್ಲ. ಉಪ್ಪನಿಗೆ.” ಅವಳು ಹೇಳಿದಳು, ರಸ್ತೆಯ ಕತೆ, ಕಾಣಿಯೂರಿನ ತಿರುವು, ಕಿಟಕಿಯ ದಂಡೆಯ ಮೇಲಿನ ಚೆಂಡು. “ಇಪ್ಪತ್ತೇಳು ವರ್ಷ ಮಂದಾರ ಬಸ್ಸಿನಲ್ಲಿ ಇದ್ದವರು. ಈಗ ಕೈಯೇ ಹೋಯ್ತು ಅಂತ ಕೂತಿದ್ದಾರೆ.”

ಉದಯಶಂಕರನ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. “ನೀನು ಮೋನುಚ್ಚನ ಮಗಳಾ? ಇಷ್ಟು ದಿನ ಹೇಳಲೇ ಇಲ್ಲ ಅಲ್ಲ! ನಾನು ಕಾಣಿಯೂರಿಂದ ಮೂರು ವರ್ಷ ಕಾಲೇಜಿಗೆ ಬಂದದ್ದು ಅವರ ಬಸ್ಸಿನಲ್ಲಿ. ಬೆಳಿಗ್ಗೆ ಏಳೂಕಾಲಿಗೆ. ಪರೀಕ್ಷೆಯ ದಿನ ನಾನು ಕಾಣದಿದ್ರೆ ಹಾರ್ನ್ ಹೊಡೆದು ಕಾಯ್ತಿದ್ರು ಮಾರಾಯ್ತಿ.”

ಅವನು ಸ್ವಲ್ಪ ಹೊತ್ತು ಬಿಚ್ಚಿದ ಲ್ಯಾಪ್‌ಟಾಪನ್ನೇ ನೋಡುತ್ತಾ ನಿಂತ. ಆಮೇಲೆ ಬ್ರಷ್ ತೆಗೆದುಕೊಂಡು ಫ್ಯಾನಿನಲ್ಲಿ ಹತ್ತಿಯ ಹಾಗೆ ಕಟ್ಟಿದ್ದ ಧೂಳು ತೆಗೆದ. ಆ ಕಪ್ಪು ಚೌಕದ ಮೇಲೆ ಒಣಗಿ ಸುಣ್ಣವಾಗಿದ್ದ, ಬಿಸಿ ಎಳೆಯುವ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿದ. ಖಾಲಿ ಇದ್ದ ಎರಡನೆಯ ಸ್ಲಾಟಿಗೆ ಒಂದು ರ‍್ಯಾಮ್ ಹಾಕಿದ. “ಇದರಿಂದ ಸ್ವಲ್ಪ ಉಸಿರು ಬರ್ತದೆ. ಸ್ವಲ್ಪವೇ. ಆ ಇಟ್ಟಿಗೆ ಇಲ್ಲಿ ಇರಲಿ, ಡೆಸ್ಕ್‌ಟಾಪಿನವರು ಯಾರಾದ್ರೂ ಕೇಳಿದ್ರೆ ಕೊಡುವ. ಮತ್ತೊಂದು ವಿಷಯ. ನಿನ್ನ ಮೊಬೈಲಿನಲ್ಲಿ ನಿಧಾನದ ವಿಡಿಯೊ ಬರ್ತದಾ?”

“ಸ್ಲೋ ಮೋಷನ್? ಬರ್ತದೆ.”

“ಭಾನುವಾರ ನಾನು ಮನೆಗೆ ಬರ್ತೇನೆ. ಕಾರ್ಡು ಬದಲಾಯಿಸ್ಲಿಕ್ಕೆ ಆಗುದಿಲ್ಲ. ಆದರೆ ತಪ್ಪು ಯಾರದ್ದು ಅಂತ ಅವರಿಗೆ ತೋರಿಸ್ಲಿಕ್ಕೆ ಆಗ್ತದೆ.”

ಭಾನುವಾರ ಹನ್ನೊಂದು ಗಂಟೆಗೆ ಅವನು ಬಂದ. ಕುಂಞಿ ಮೋನು ಮೊದಲು ಗುರುತು ಹಿಡಿಯಲಿಲ್ಲ. “ಕಾಣಿಯೂರಿನ ಏಳೂಕಾಲು,” ಎಂದ ಉದಯಶಂಕರ. ಮುದುಕರ ಹುಬ್ಬು ಮೇಲೆ ಹೋಯಿತು. “ದೇವಸ್ಥಾನದ ಹತ್ತಿರದ ಮನೆ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಓಡಿ ಬರ್ತಿದ್ದ ಉದಯ!”

“ಅವನೇ ಮೋನುಚ್ಚ. ಈಗ ಒಂದು ಸಲ ಬಸ್ಸು ತೆಗೀಬೇಕು, ನಾನು ಟಿಕೆಟ್ ತಕ್ಕೊಂಡೇ ಬಂದದ್ದು.”

ಅವರು ಬೇಡ ಎಂದರು. ಕೈ ಆಗುವುದಿಲ್ಲ ಎಂದರು. ಮನೆಗೆ ಬಂದವನು ಮೂರು ಸಲ ಕೇಳಿದ ಮೇಲೆ, ಪ್ಯಾಸೆಂಜರನ್ನು ಇಳಿಸಿ ಹೋಗಲಾಗದ ಡ್ರೈವರಿನ ಹಾಗೆ, ಬಂದು ಕೂತರು. ಜುಮಾನಾ ಅವರ ಬೆನ್ನ ಹಿಂದೆ ನಿಂತು, ಸ್ಟೇರಿಂಗಿನ ಮೇಲಿನ ಕೈಯೂ ಪರದೆಯೂ ಒಟ್ಟಿಗೆ ಕಾಣುವ ಹಾಗೆ ಮೊಬೈಲ್ ಹಿಡಿದಳು.

ಕಾಣಿಯೂರಿನ ತಿರುವಿನಲ್ಲಿ ಬಸ್ಸು ಮತ್ತೆ ಚರಂಡಿಗೆ ಇಳಿಯಿತು. ಧೂಳು ತೆಗೆದದ್ದರಿಂದ ಮೊದಲಿನಷ್ಟು ಒಳಗೆ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ. ಕುಂಞಿ ಮೋನು ಎಡಗೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. “ನೋಡಿದೆಯಾ?”

“ಈಗ ನೀವು ನೋಡಿ,” ಎಂದು ಉದಯಶಂಕರ ಮೊಬೈಲನ್ನು ಅವರ ಮುಂದೆ ಹಿಡಿದ.

ವಿಡಿಯೊದಲ್ಲಿ ಎಲ್ಲವೂ ನೀರಿನೊಳಗೆ ನಡೆದಂತೆ ನಿಧಾನವಾಗಿ ಚಲಿಸುತ್ತಿತ್ತು. ತಿರುವು ಹತ್ತಿರ ಬಂತು. ಎರಡು ಕೈಗಳು ಸ್ಟೇರಿಂಗನ್ನು ಎಳೆಯತೊಡಗಿದವು. ಬಲಗೈ ಮೊದಲು, ಅದರ ಬೆನ್ನಿಗೇ, ಕಣ್ಣು ಮಿಟುಕಿಸುವಷ್ಟು ಹಿಂದೆ, ಎಡಗೈ. ಸ್ಟೇರಿಂಗು ಕಾಲುಭಾಗ ತಿರುಗಿತು, ಅರ್ಧ ತಿರುಗಿತು. ಪರದೆಯ ಮೇಲಿನ ಬಸ್ಸು ಇನ್ನೂ ನೇರವಾಗಿಯೇ ಹೋಗುತ್ತಿತ್ತು. ಕೈಗಳು ತಮ್ಮ ಕೆಲಸ ಮುಗಿಸಿ ಕಾಯುತ್ತಿದ್ದವು. ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ಚಿತ್ರ ಒಮ್ಮೆ ಹಾರಿ ಪಕ್ಕಕ್ಕೆ ತಿರುಗಿತು. ಅಷ್ಟರಲ್ಲಿ ಚರಂಡಿ ಬಂದಾಗಿತ್ತು.

“ಇನ್ನೊಂದು ಸಲ ಹಾಕು,” ಎಂದರು ಕುಂಞಿ ಮೋನು.

ಇನ್ನೊಂದು ಸಲ ಹಾಕಿದರು. ಮತ್ತೊಂದು ಸಲ. ನಾಲ್ಕನೆಯ ಸಲ ಅವರು ಬಸ್ಸನ್ನು ನೋಡಲೇ ಇಲ್ಲ. ವಿಡಿಯೊದಲ್ಲಿನ ತಮ್ಮ ಎಡಗೈಯನ್ನು ಮಾತ್ರ ನೋಡಿದರು.

“ಇದು ಸ್ವಲ್ಪ ಹಿಂದೆ ಉಂಟು,” ಎಂದರು.

“ಸ್ವಲ್ಪ ಉಂಟು,” ಎಂದ ಉದಯಶಂಕರ. ಸುಳ್ಳು ಹೇಳಲಿಲ್ಲ. “ಆದರೆ ಚರಂಡಿಗೆ ಹಾಕಿದ್ದು ಇದು ಅಲ್ಲ.”

“ಅಲ್ಲ,” ಎಂದರು ಕುಂಞಿ ಮೋನು. ಬಾಗಿಲಲ್ಲಿ ನಿಂತಿದ್ದ ರುಖಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಚಾ ತರುತ್ತೇನೆಂದು ಒಳಗೆ ಹೋದರು.

ಚಾ ಕುಡಿಯುತ್ತಾ ಕುಂಞಿ ಮೋನು ಕೇಳಿದರು, “ಹಾಗಾದ್ರೆ ಈ ಇಂಜಿನನ್ನು ಬದಲಾಯಿಸ್ಲಿಕ್ಕೆ ಆಗುದಿಲ್ಲವಾ?”

“ಇಲ್ಲ ಮೋನುಚ್ಚ. ಬಾಡಿಗೇ ಬೆಸುಗೆ ಹಾಕಿದ್ದಾರೆ.”

“ಸವಣೂರಿನವರೆಗೆ ಎಳೀತದೆ, ಅಲ್ಲಿಂದ ಮುಂದೆ ಎಳೆಯುದಿಲ್ಲ ಅಂದ್ರೆ ಲೋಡು ಜಾಸ್ತಿ ಆಗಿದೆ. ಮೋಳೆ, ಸವಣೂರಿಂದ ಮುಂದೆ ನೀನು ಎಂತ ಹೇರಿದ್ದೀ?”

ಜುಮಾನಾ ಎಲೆಗಳ ಬಗ್ಗೆ, ಹಂಚಿನ ಬಗ್ಗೆ, ಬೋರ್ಡುಗಳ ಬಗ್ಗೆ ಹೇಳಿದಳು. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು, ಅದನ್ನು ಕಳೆದುಕೊಳ್ಳಬೇಕಲ್ಲ ಎಂಬ ಸಂಕಟವೂ ಇತ್ತು. ಅಂಗಡಿ ಬೋರ್ಡಿನ ಅಕ್ಷರಗಳಿಗೇ ಎರಡು ವಾರ ಹಿಡಿದಿತ್ತು.

“ಚಂದ ಉಂಟು. ನಾನು ನೋಡಲೇ ಇಲ್ಲ ಅಲ್ಲ,” ಎಂದರು ಅವರು ಮೆಲ್ಲಗೆ. “ಡ್ರೈವರು ಬೋರ್ಡು ಓದುದಿಲ್ಲ ಮೋಳೆ. ಓದುವ ಕಣ್ಣು ಬೇರೆ. ಇಪ್ಪತ್ತೇಳು ವರ್ಷ ಹೋದರೂ ಆ ಅಂಗಡಿಯ ಹೆಸರು ಎಂತ ಅಂತ ನನಗೆ ಗೊತ್ತಿಲ್ಲ. ಅದರ ಎದುರು ಸೈಕಲ್ ಅಡ್ಡ ನಿಲ್ಲಿಸ್ತಾರೆ, ಅದು ಗೊತ್ತುಂಟು.”

“ಮತ್ತೆ ನೀವು ಎಂತ ನೋಡ್ತಿದ್ರಿ?”

ಆ ಪ್ರಶ್ನೆಯನ್ನು ಅವಳು ಎಂಟು ತಿಂಗಳ ಹಿಂದೆಯೇ ಕೇಳಬೇಕಿತ್ತು. ಅವರು ಗ್ಲಾಸು ಕೆಳಗಿಟ್ಟು, ಬಲಗೈಯ ಬೆರಳನ್ನು ಗಾಳಿಯಲ್ಲಿ ರಸ್ತೆಯ ಹಾಗೆ ಓಡಿಸುತ್ತಾ ಹೇಳತೊಡಗಿದರು. ಮೋರಿಯ ಬಿಳಿ ಗೋಡೆ. ಅದು ಮಬ್ಬಿನಲ್ಲಿ ಕಾಣಬೇಕು. ಒಂದು ಹಲಸಿನ ಮರ. ಅದರ ಬೇರು ಡಾಮರನ್ನು ಎತ್ತಿದೆ, ಅಲ್ಲಿ ಬಸ್ಸನ್ನು ಬಲಕ್ಕೆ ಹಿಡಿಯದಿದ್ದರೆ ಹಿಂದಿನ ಸೀಟಿನವರ ತಲೆ ಮಾಡಿಗೆ ತಾಗುತ್ತದೆ. ಇಳಿಜಾರು ಮುಗಿಯುವಲ್ಲಿ ಒಂದು ಗೇಟು. ಅಲ್ಲಿಂದ ಕರು ಒಂದು ಹಾರಿ ಬರುತ್ತಿತ್ತು, ಕರು ದನವಾಗಿ ಮುದಿಯಾದರೂ ಅಲ್ಲಿ ಕಾಲು ಬ್ರೇಕಿನ ಮೇಲೆ ಹೋಗುವುದು ನಿಲ್ಲಲಿಲ್ಲ. ಮತ್ತೆ ಜನ. ನೀಲಿ ಕೊಡೆಯ ರಾಜೀವಿ ಟೀಚರು, ಯಾವಾಗಲೂ ಸ್ಟಾಪಿಗಿಂತ ನೂರು ಹೆಜ್ಜೆ ಹಿಂದೆ. ಅವರ ಕೊಡೆ ಕಂಡರೆ ಸಾಕು, ಮುಖ ಬೇಡ.

“ಉಳಿದ ಮರಕ್ಕೆಲ್ಲ ಎಲೆ ಎಂತಕ್ಕೆ? ಹಸಿರು ಇದ್ದರೆ ಸಾಕು,” ಎಂದರು.

ಮುಂದಿನ ಎರಡು ವಾರ ಕೆಲಸ ಬೇರೆ ರೀತಿ ನಡೆಯಿತು. ಮುಂಜಾನೆ ಜುಮಾನಾ ಲ್ಯಾಪ್‌ಟಾಪ್ ತೆರೆದರೆ ಪಕ್ಕದ ಕುರ್ಚಿಗೆ ತಂದೆ ಬಂದು ಕೂರುತ್ತಿದ್ದರು. ಅವಳು ಒಂದೊಂದೇ ವಸ್ತುವನ್ನು ತೋರಿಸುವುದು, ಅವರು ‘ಇರಲಿ’ ಅಥವಾ ‘ತೆಗಿ’ ಎನ್ನುವುದು. ಹಂಚುಗಳು ಹೋಗಿ ಕೆಂಪು ಮಾಡು ಮಾತ್ರ ಉಳಿಯಿತು. ಬೋರ್ಡುಗಳು ಬಣ್ಣದ ಚೌಕಗಳಾದವು. ಒಂದು ಬೇಕರಿಯ ಬೋರ್ಡನ್ನು ಅಳಿಸುವಾಗ ಅವಳ ಬೆರಳು ತಡೆದದ್ದನ್ನು ನೋಡಿ ಅವರು, “ಅದೊಂದು ಇರಲಿ, ನಿನಗೆ ಬೇಕಾಗ್ತದೆ,” ಎಂದರು. ಕಾಡಿನ ಎಲೆಗಳು ಉದುರಿಹೋದವು. ಹಲಸಿನ ಮರಕ್ಕೆ ಮಾತ್ರ ಎಲೆ, ಕಾಯಿ ಎರಡೂ ಉಳಿದವು. ರಸ್ತೆಯ ಬದಿಯಲ್ಲಿ ಒಂದು ನೀಲಿ ಕೊಡೆ ಬಂತು. ಮಾತಾಡುತ್ತಾ ಮಾತಾಡುತ್ತಾ ಅವರ ಎಡಗೈ ರಬ್ಬರ್ ಚೆಂಡನ್ನು ಒತ್ತುತ್ತಿತ್ತು. ಚೆಂಡನ್ನು ಅವರ ಕೈಗೆ ಕೊಟ್ಟದ್ದು ಉಮ್ಮನೋ, ಅವರೇ ತೆಗೆದುಕೊಂಡದ್ದೋ ಜುಮಾನಾ ಕೇಳಲು ಹೋಗಲಿಲ್ಲ.

ತಾನು ಇಷ್ಟು ದಿನ ಮಾಡಿದ್ದು ಪ್ಯಾಸೆಂಜರಿನ ರಸ್ತೆ ಎಂದು ಅವಳಿಗೆ ಒಂದು ಬೆಳಿಗ್ಗೆ ಹೊಳೆಯಿತು. ಈ ಮನುಷ್ಯ ಬೆಳಿಗ್ಗೆ ಐದಕ್ಕೆ ಹೋಗಿ ಅವಳು ಮಲಗಿದ ಮೇಲೆ ಬರುತ್ತಿದ್ದರು. ಬಾಲ್ಯದಲ್ಲಿ ಅವಳು ಅವರನ್ನು ಕಂಡದ್ದು ರಜಾದಿನಗಳಲ್ಲಿ, ಅದೂ ಹೆಚ್ಚಾಗಿ ಅವರು ನಿದ್ರೆಯಲ್ಲಿದ್ದಾಗ. ಅವರ ಹಗಲುಗಳೆಲ್ಲ ಎಲ್ಲಿ ಹೋಗಿದ್ದವು ಎಂಬುದು ಈಗ ಒಂದೊಂದು ತಿರುವಾಗಿ ಅವಳ ಕೈಗೆ ಸಿಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಕುಂಞಿ ಮೋನು ನಮಾಝಿಗೆ ಹಾಕಿದ್ದ ಬಿಳಿ ಅಂಗಿಯನ್ನು ಬದಲಾಯಿಸದೆಯೇ ಸ್ಟೇರಿಂಗಿನ ಮುಂದೆ ಕೂತರು. “ಉಮ್ಮನನ್ನು ಕರಿ,” ಎಂದರು. “ಇಪ್ಪತ್ತೇಳು ವರ್ಷದಲ್ಲಿ ಅವಳು ನನ್ನ ಬಸ್ಸಿಗೆ ಹತ್ತಿದ್ದು ಲೆಕ್ಕಕ್ಕೆ ಸಿಗುವಷ್ಟು ಸಲವೂ ಇಲ್ಲ.”

ರುಖಿಯಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಅವರ ಹಿಂದಿನ ಸ್ಟೂಲಿನಲ್ಲಿ ಕೂತರು. ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ ಗಂಡನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ಜುಮಾನಾ ನೆಲದ ಮೇಲೆ ಕೂತಳು.

ಬಸ್ಸು ಪುತ್ತೂರು ಬಿಟ್ಟಿತು. ಮುಕ್ವೆ, ಪುರುಷರಕಟ್ಟೆ, ಸವಣೂರು. ಜುಮಾನಾಳ ಕಣ್ಣು ಪರದೆಯ ಮೇಲೆ ಇರಲಿಲ್ಲ. ತಂದೆಯ ಎಡಗೈಯ ಮೇಲಿತ್ತು. ಹಲಸಿನ ಮರದ ಹತ್ತಿರ ಬಸ್ಸು ಬಲಕ್ಕೆ ಸರಿಯಿತು. ಗೇಟಿನ ಹತ್ತಿರ ಕಾಲು ಬ್ರೇಕಿನ ಮೇಲೆ ಹೋಯಿತು. ಫ್ಯಾನು ಜೋರಾಗಿ ತಿರುಗತೊಡಗಿತು, ಆದರೆ ಕಿರುಚಲಿಲ್ಲ. ಕಾಣಿಯೂರಿನ ತಿರುವು ಬಂತು. ಎರಡು ಕೈಗಳು ಎಳೆದವು, ಮತ್ತು ಬಸ್ಸು, ಹೇಳಿದ ಮಾತು ಕೇಳುವ ಪ್ರಾಣಿಯ ಹಾಗೆ, ಕೈಯ ಜೊತೆಗೇ ತಿರುಗಿತು.

ಪೇಟೆ ದಾಟುವಾಗ ಕುಂಞಿ ಮೋನು ಉದ್ದಕ್ಕೆ ಹಾರ್ನ್ ಹೊಡೆದರು.

ನಿಂತಿಕಲ್ಲು ಹತ್ತಿರವಾಗುತ್ತಿದ್ದಂತೆ ರುಖಿಯಮ್ಮ ಮುಂದಕ್ಕೆ ಬಾಗಿದರು. ಅವರ ತವರುಮನೆ ಇದ್ದದ್ದು ಅಲ್ಲಿಯೇ, ರಸ್ತೆಯಿಂದ ನಾಲ್ಕು ಮೆಟ್ಟಿಲು ಮೇಲೆ. ಅಣ್ಣಂದಿರು ಜಾಗ ಮಾರಿ ಹತ್ತು ವರ್ಷವಾಗಿತ್ತು.

“ಇಲ್ಲಿ ಬಾವಿ ಇತ್ತು,” ಎಂದರು ಅವರು, ಪರದೆಯ ಮೇಲಿನ ಖಾಲಿ ಹಸಿರಿಗೆ ಬೆರಳು ತೋರಿಸಿ. “ಮೆಟ್ಟಿಲಿನ ಪಕ್ಕದಲ್ಲಿ ಅಬ್ಬಲಿಗೆ ಹೂವಿನ ಗಿಡ.”

“ನನಗೆ ಗೊತ್ತಿರಲಿಲ್ಲ ಉಮ್ಮ. ನಾನು ವಿಡಿಯೊ ಮಾಡುವಾಗ ಅಲ್ಲಿ ಎಂತದೂ ಇರಲಿಲ್ಲ,” ಎಂದಳು ಜುಮಾನಾ.

ಕುಂಞಿ ಮೋನು ಬಸ್ಸನ್ನು ಎಡಕ್ಕೆ ಸರಿಸಿದರು, ಮೆಲ್ಲಗೆ, ಒಂದು ಚಕ್ರವೂ ಡಾಮರಿನಿಂದ ಇಳಿಯದ ಹಾಗೆ. ಸ್ಟಾಪಿಲ್ಲದ ಜಾಗದಲ್ಲಿ ನಿಲ್ಲಿಸಿದರು. ಇಂಜಿನ್ ಬಂದ್ ಮಾಡಲಿಲ್ಲ.

“ಎಂತ ನಿಲ್ಲಿಸಿದ್ದು?” ಕೇಳಿದರು ರುಖಿಯಮ್ಮ.

“ನೀನು ಹೇಳು. ಬಾವಿ ರಸ್ತೆಯಿಂದ ಎಷ್ಟು ದೂರ? ಗಿಡ ಯಾವ ಬದಿಯಲ್ಲಿ? ಅವಳು ಬರೆದುಕೊಳ್ತಾಳೆ.”

“ಪಂಜಕ್ಕೆ ತಡ ಆಗ್ತದೆ ನಿಮಗೆ.”

“ಆಗಲಿ,” ಎಂದರು ಕುಂಞಿ ಮೋನು. “ಇವತ್ತು ಬಸ್ಸಿನಲ್ಲಿ ಬೇರೆ ಯಾರೂ ಇಲ್ಲ.”

ಜುಮಾನಾ ಎದ್ದು ಪೆನ್ನು ಹುಡುಕಿದಳು. ರುಖಿಯಮ್ಮ ಕಣ್ಣು ಮುಚ್ಚಿ, ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಿರುವ ಹಾಗೆ ನಿಧಾನವಾಗಿ ಹೇಳತೊಡಗಿದರು.